ಗರಿಗಾಳ ಮತ್ತು ಮೀನಿನ ತಲೆ

ಹೆಗಡೆಯವರು ಕೇಳಿದ್ದು ಒಂದೇ ಪುಟ. ಹೊಸದಾಗಿ ದೋಣಿ ಹತ್ತುವವರಿಗೆ ಓದಲು ಕೊಡಬೇಕು, ಏನು ಮಾಡಬೇಕು ಏನು ಮಾಡಬಾರದು ಅಂತ ಬರೆದುಕೊಡು ದೇವು ಎಂದಿದ್ದರು. ಬರೆಯಲು ಕೂತರೆ ಮಾಡಬಾರದ್ದೇ ಮುಗಿಯಲೊಲ್ಲದು. ಮುಗಿಯುವುದಾದರೂ ಹೇಗೆ, ಅವೆಲ್ಲವನ್ನೂ ನಾನೇ ಒಂದೊಂದು ಸಲ ಮಾಡಿದ್ದೇನಲ್ಲ. ಹಾಗಾಗಿ ಪುಟ ಉದ್ದವಾಗಿದೆ. ಓದಲು ಬೇಸರವಾದವರು ಕೊನೆಯ ಭಾಗವನ್ನಾದರೂ ಓದಿ. ಅದನ್ನು ಓದದೆ ನಮ್ಮ ದೋಣಿ ಹತ್ತಬೇಡಿ.

ನಾನು ಅಘನಾಶಿನಿ ಊರಿನ ದೇವು ಅಂಬಿಗ. ಮೊದಲು ತದಡಿಗೆ ಜನರನ್ನು ದಾಟಿಸುವ ತಾರಿ ದೋಣಿ ನಡೆಸುತ್ತಿದ್ದೆ, ಬಿಡುವಿನಲ್ಲಿ ಬಲೆ ಬೀಸುತ್ತಿದ್ದೆ. ಆಮೇಲಿನ ಹದಿನಾಲ್ಕು ವರ್ಷ ಹೆಗಡೆಯವರ ಹೋಮ್‌ಸ್ಟೇಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಅಳಿವೆಯ ಒಳಗೆ, ಉಪ್ಪುನೀರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಕಾಡಿನ ಸಂದಿಗಳಿಗೆ ಹೋಗುವುದು, ಮೀನು ಎಲ್ಲಿದೆ ಎಂದು ತೋರಿಸುವುದು. ಹಿಡಿಯುವುದು ಅವರ ಕೆಲಸ. ಹಿಡಿದದ್ದನ್ನು ಜೀವಂತ ನೀರಿಗೆ ಬಿಡುವುದು ಇಬ್ಬರ ಕೆಲಸ. ದೋಣಿ ಒಯ್ಯುವುದು, ಮೀನು ತೋರಿಸುವುದು ಇವೆರಡನ್ನು ಕಲಿಯಲು ನನಗೆ ಒಂದು ತಿಂಗಳು ಸಾಕಾಯಿತು. ಬಿಡುವುದನ್ನು ಪೂರ್ತಿ ಕಲಿತೆ ಎಂದು ಈಗಲೂ ಎದೆ ತಟ್ಟಿ ಹೇಳಲಾರೆ.

ಶ್ರೀಪಾದ ಹೆಗಡೆಯವರು ನನ್ನನ್ನು ಹುಡುಕಿಕೊಂಡು ಬಂದ ದಿನವೇ ಅವರ ಒಂದು ಬೂಟು ನಮ್ಮ ಕೆಸರಿಗೆ ಹೋಯಿತು. ಇವತ್ತಿಗೂ ಅದು ಅಲ್ಲೇ ಇದೆ, ಅದರೊಳಗೆ ಯಾವ ಏಡಿ ಸಂಸಾರ ಹೂಡಿದೆಯೋ. ಬ್ಯಾಂಕಿನ ಕೆಲಸ ಬಿಟ್ಟು ಬಂದವರು, ಹೊನ್ನಾವರ ಕಡೆಯ ತೋಟದ ಮನೆತನ. ಮೀನು ತಿನ್ನುವುದು ಹಾಗಿರಲಿ, ಮೀನಿನ ಪೇಟೆಯ ರಸ್ತೆಯಲ್ಲಿ ಸ್ಕೂಟರಿನ ವೇಗ ಹೆಚ್ಚಿಸುವ ಮನುಷ್ಯ. ಅಂಥವರು ಮೀನು ಹಿಡಿಸುವ ಉದ್ಯೋಗಕ್ಕೆ ಕೈ ಹಾಕಿದ್ದು ಕೇಳಿ ನನಗೆ ನಗು ತಡೆಯಲಿಲ್ಲ.

“ನಗಬೇಡ ಮಾರಾಯ, ನಾವು ಒಂದೂ ಮೀನು ಕೊಲ್ಲೂದಿಲ್ಲ” ಎಂದರು. “ಹಿಡಿಯೂದು, ಫೋಟೋ ತೆಗೆಯೂದು, ಬಿಡೂದು. ಅಮ್ಮ ಒಪ್ಪಿದ್ದೇ ಆ ಮಾತಿನ ಮೇಲೆ.”

ಮನೆಗೆ ಬಂದು ಮಾದೇವಿಗೆ ಹೇಳಿದೆ. ಮಾದೇವಿ ನನ್ನ ಹೆಂಡತಿ. ಹೊಳೆಯ ನೀರು ಇಳಿದಾಗ ಮೊಣಕಾಲು ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಲ್ಲಿ ಅವಳದ್ದೇ ದೊಡ್ಡ ಬಾಯಿ. ಬಳಚಿನ ಚಿಪ್ಪಿಗೂ ಅವಳು ಬೈದರೆ ತಾನಾಗಿ ತೆರೆದುಕೊಂಡೀತು. “ಹಿಡೀತ್ರು, ಬಿಡ್ತ್ರು, ತಿನ್ನೂದಿಲ್ಲ. ಮತ್ತೆ ಬರೂದು ಎಂತಕ್ಕೆ?” ಎಂದು ಕೇಳಿದಳು. ಸಂಬಳ ತಿಂಗಳಿಗೆ ತಪ್ಪದೆ ಬರುತ್ತದೆ ಎಂದೆ. “ಹಾಗಾರೆ ಆತು” ಎಂದಳು.

ಹೊಸಬರಿಗೆ ಆಯುಧದ ಪರಿಚಯ ಮಾಡಿಕೊಡುತ್ತೇನೆ. ಅತಿಥಿಗಳು ಇದಕ್ಕೆ ಫ್ಲೈ ಎನ್ನುತ್ತಾರೆ, ನಾನು ಗರಿಗಾಳ ಎನ್ನುತ್ತೇನೆ. ಹುಳು ಇಲ್ಲ, ಸೀಗಡಿ ಇಲ್ಲ. ಒಂದು ಗಾಳಕ್ಕೆ ಕೋಳಿಯ ಗರಿ, ಬಣ್ಣದ ನೂಲು, ಒಂದಿಷ್ಟು ಮಿಂಚುವ ಕಾಗದ ಸುತ್ತಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಾರಕ್ಕೆ. ಆ ದಾರವನ್ನು ತಲೆಯ ಮೇಲಿಂದ ಹಿಂದಕ್ಕೆ ಮುಂದಕ್ಕೆ ಬೀಸುತ್ತ ಬೀಸುತ್ತ ಉದ್ದ ಬಿಟ್ಟರೆ ಗರಿ ಹೋಗಿ ಬೇಕಾದ ಜಾಗದಲ್ಲಿ ಸದ್ದಿಲ್ಲದೆ ಕೂರುತ್ತದೆ. ಮೊದಲ ಸಲ ನೋಡಿದಾಗ ಯಾರೋ ಗಾಳಿಯಲ್ಲಿ ಸೊಳ್ಳೆ ಓಡಿಸುತ್ತಿದ್ದಾರೆ ಎಂದುಕೊಂಡೆ.

ಹಾಗೆ ಬೀಸಿದವರು ನಮ್ಮ ಮೊಟ್ಟಮೊದಲ ಅತಿಥಿ, ಧಾರವಾಡದ ಡಾಕ್ಟರ್ ವಸುಧಾ. ಎಲುಬಿನ ಡಾಕ್ಟರು. ಪರದೇಶದಲ್ಲಿ ಹತ್ತಾರು ವರ್ಷ ಇದ್ದಾಗ ಅಲ್ಲಿಯ ಹೊಳೆಗಳಲ್ಲಿ ಈ ವಿದ್ಯೆ ಕಲಿತಿದ್ದರು. ಸಣ್ಣ ಮೈಯ ಹೆಂಗಸು, ತಲೆಯ ಮೇಲೆ ಬುಟ್ಟಿಯಂಥ ಟೋಪಿ, ಕೈಯಲ್ಲಿ ತಾವೇ ಮಾಡಿಕೊಂಡ ಸಕ್ಕರೆಯಿಲ್ಲದ ಚಹಾದ ಫ್ಲಾಸ್ಕು. ಅವರೂ ಮೀನು ತಿನ್ನುವವರಲ್ಲ.

“ದೇವಣ್ಣ, ನನಗ ಒಂದs ಮೀನು ಬೇಕು” ಎಂದರು. “ಚೊಣಕ್. ಜಗ್ಗಿ ಆಡಿಸಬೇಕು, ಎರಡೂ ಕೈಯಾಗ ನೀರಿನ್ಯಾಗ ಹಿಡೀಬೇಕು, ಬಿಟ್ಟು ಅದು ಹೋಗೋದು ನೋಡಬೇಕು. ಅಷ್ಟರ ಸಲುವಾಗಿ ಬಂದೀನಿ.”

ಚೊಣಕ್ ಎಂದರೆ ನಮ್ಮ ಅಳಿವೆಯ ಯಜಮಾನ. ಹೆಸರು ಕೊಂಕಣಿಯದು, ಆದರೆ ಎಲ್ಲರ ಬಾಯಲ್ಲೂ ಅದೇ. ಬೆಳ್ಳಿಯ ಮೈ, ಕತ್ತಲಲ್ಲಿ ಕೆಂಪಗೆ ಹೊಳೆಯುವ ಕಣ್ಣು, ಕಾಂಡ್ಲಾ ಬೇರಿನ ಮರೆಯಲ್ಲಿ ಕಾದು ಕೂತು ಸೀಗಡಿ ಬಂದರೆ ಬಾಯಿ ಕಳೆದು ನುಂಗಿಬಿಡುತ್ತದೆ. ಹೊಳೆಯಂಚಿನ ಉಪ್ಪುನೀರಿನ ಗಜನಿ ಗದ್ದೆಯ ತೂಬಿನಿಂದ ಇಳಿತದ ನೀರು ಹೊರಬೀಳುವ ಒಂದು ತಿರುವು ನನಗೆ ಗೊತ್ತಿತ್ತು. ಅಲ್ಲಿಗೆ ಒಯ್ದೆ. ನನ್ನ ಅದೃಷ್ಟವೋ ದುರದೃಷ್ಟವೋ, ನಾಲ್ಕನೆಯ ಬೀಸಿಗೇ ಚೊಣಕ್ ಬಿತ್ತು.

ಡಾಕ್ಟರಮ್ಮ ಅದನ್ನು ಆಡಿಸಿದ್ದನ್ನು ನೀವು ನೋಡಬೇಕಿತ್ತು. ಎಳೆದಾಗ ಬಿಡುವುದು, ಬಿಟ್ಟಾಗ ಸುತ್ತುವುದು, ಬಾಯಲ್ಲಿ ಒಂದು ಮಾತಿಲ್ಲ. ಕಾಲು ಗಂಟೆಯ ಮೇಲೆ ಮೀನು ದೋಣಿಯ ಬಗಲಿಗೆ ಬಂತು. ನನ್ನ ತೋಳಿನಷ್ಟು ಉದ್ದ. ಅವರು ಗಾಳದ ರಾಡು ಕೆಳಗಿಟ್ಟು ಎರಡೂ ಕೈ ಚಾಚಿದರು.

ಅಷ್ಟರಲ್ಲಿ ನನ್ನ ಎಡಗೈ ಮೀನಿನ ಕಿವಿರಿಗೆ ಹೋಗಿತ್ತು. ಬಲಗೈ ಅಡ್ಡಹಲಗೆಯ ಕೆಳಗಿನ ಮರದ ಕೊಡತಿಗೆ ಹೋಗಿತ್ತು. ಅಪ್ಪನ ಕಾಲದಿಂದ ಅದು ಅದೇ ಜಾಗದಲ್ಲಿ ಇರುವುದು. ಮೀನು ಬಂತು, ಮೇಲೆತ್ತಿದೆ, ತಲೆಗೆ ಒಂದು ಕೊಟ್ಟೆ. ಹಲಗೆಯ ಮೇಲೆ ಮಲಗಿಸಿ ಎದೆಯುಬ್ಬಿಸಿ ಡಾಕ್ಟರಮ್ಮನ ಮುಖ ನೋಡಿದೆ. ಶಹಬ್ಬಾಸ್ ಸಿಗುತ್ತದೆ ಎಂದು ನಿಜವಾಗಿಯೂ ಕಾಯುತ್ತಿದ್ದೆ.

ಅವರ ಎರಡೂ ಕೈ ಇನ್ನೂ ನೀರಿನ ಮೇಲೆಯೇ ಇದ್ದವು.

“ದೇವಣ್ಣ,” ಎಂದರು ಮೆಲ್ಲಗೆ, “ಏನ್ ಮಾಡಿದ್ರಿ?”

ನಾನು ಏನು ಮಾಡಿದ್ದೇನೆಂದು ಆಗ ನನಗೆ ಗೊತ್ತಾಯಿತು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೈಯಲಿಲ್ಲ. ಹೆಗಡೆಯವರು ತಮ್ಮ ಅಮ್ಮನಿಗೆ ಕೊಟ್ಟ ಮಾತು ಡಾಕ್ಟರಮ್ಮನಿಗೂ ಗೊತ್ತಿತ್ತು. ಆ ಅಮ್ಮ ಮಗನ ಹೊಸ ಉದ್ಯೋಗ ನೋಡಲೆಂದು ಅದೇ ವಾರ ಹೋಮ್‌ಸ್ಟೇಗೆ ಬಂದು ಕೂತಿದ್ದರು. “ಮೊದಲನೇ ದಿನಾನs ನಿಮ್ಮ ಕೆಲಸ ಹೋಗೋದು ಬ್ಯಾಡ. ನಾ ಯಾರ ಮುಂದೂ ಹೇಳಂಗಿಲ್ಲ” ಎಂದರು ಡಾಕ್ಟರಮ್ಮ. ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ಒಯ್ದೆ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ನಮ್ಮ ಕೇರಿಯಲ್ಲಿ ದೊಡ್ಡ ಮೀನಿಗೆ ಒಂದು ಕ್ರಮವಿದೆ. ದೋಣಿ ದಡಕ್ಕೆ ಬಂದಾಗ ಅಲ್ಲಿದ್ದವರಿಗೆಲ್ಲ ಒಂದೊಂದು ಪಾಲು. ದೋಣಿಯವನಿಗೆ ಬಾಲದ ಕಡೆಯದು. ಗಾಳ ಹಿಡಿದವನಿಗೆ ತಲೆ. ತಲೆಯನ್ನು ಬೇರೆಯವರು ತಿಂದರೆ ಅಥವಾ ಚೆಲ್ಲಿದರೆ ಗಾಳ ಹಿಡಿದವನ ಕೈ ಕಟ್ಟಿಹೋಗುತ್ತದೆ, ಅವನಿಗೆ ಮತ್ತೆ ಅಂಥ ಮೀನು ಬೀಳುವುದಿಲ್ಲ ಎಂದು ನಂಬಿಕೆ. ನಾನು ಸ್ನಾನಕ್ಕೆ ಹೋದವನು ಬರುವಷ್ಟರಲ್ಲಿ ಮಾದೇವಿ ಮೀನು ಕೊಯ್ದು ಒಂಬತ್ತು ಮನೆಗೆ ಪಾಲು ಮುಟ್ಟಿಸಿದ್ದಳು. ತಲೆಯನ್ನು ಹುಳಿ ಹಾಕಿ ಬೇಯಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ತಾನೇ ನಡೆದುಕೊಂಡು ಹೋಗಿ ಹೋಮ್‌ಸ್ಟೇ ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದಿದ್ದಳು.

“ಎಂತಕ್ಕೆ ಕೊಟ್ಟೆ?” ಎಂದು ಕೂಗಿದೆ.

“ಎಂತಕ್ಕೆ ಅಂದ್ರೆ? ಹಿಡಿದದ್ದು ಅವರು. ತಲೆ ಅವರದ್ದು. ನಾ ಎಂತ ಕದ್ದು ತಿನ್ನೂಕಾ?”

ಡಬ್ಬಿಯ ಮುಚ್ಚಳ ತೆಗೆದದ್ದು ಡಾಕ್ಟರಮ್ಮನಲ್ಲ. ಹೆಗಡೆಯವರ ಅಮ್ಮ. ಯಾರೋ ಪಕ್ಕದ ಮನೆಯವರು ಪಾಯಸ ಕಳಿಸಿದ್ದಾರೆ ಎಂದುಕೊಂಡು ತೆಗೆದರಂತೆ. ನಾನು ಏದುಸಿರು ಬಿಡುತ್ತ ತಲುಪಿದಾಗ ಅವರು ಮುಚ್ಚಳ ಹಾಕಿ, ಡಬ್ಬಿಯಿಂದ ಮಾರು ದೂರ ನಿಂತು, ಮಗನನ್ನು ಕರೆಯುತ್ತಿದ್ದರು. ಅರಚಾಟ ಏನಿಲ್ಲ, ಶಾಂತವಾದ ದನಿ.

“ಮಾಣೀ, ಹಿಡಿದು ನೀರಿಗೆ ಬಿಡ್ತ್ಯ ಹೇಳಿದ್ಯಲ, ಆ ಬಿಟ್ಟ ಮೀನು ಇದೇಯಾ?”

ಹೆಗಡೆಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. ಉದ್ಯೋಗ ಅವತ್ತೇ ಬಾಗಿಲು ಹಾಕುವ ಲಕ್ಷಣ ಕಂಡಿತ್ತು. ಅಮ್ಮ ಡಬ್ಬಿಯಲ್ಲಿದ್ದುದನ್ನು ಹೊರಗೆ ಚೆಲ್ಲಿಸಿದರು. “ಬೇಕು ಹೇಳಿ ಮಾಡಿದ್ದಲ್ಲ. ಈ ಸಲ ಆತು. ಆದ್ರೆ ಡಾಕ್ಟರಮ್ಮಂಗೆ ಇಂಥದ್ದೇ ಒಂದು ಮೀನು ಹಿಡಿಸಿ, ಅವರ ಕೈಯಾರೆ ಬಿಡಿಸವು. ಅಲ್ಲಿವರೆಗೆ ನಂಗೆ ಸಮಾಧಾನ ಇಲ್ಲೆ” ಎಂದರು. ನಾನು ಕೈ ಮುಗಿದು ಆತು ಅಮ್ಮಾ ಎಂದೆ. ಇನ್ನೊಂದು ತಿಂಗಳಲ್ಲಿ ಮುಗಿಸುತ್ತೇನೆ ಎಂದು ಬೇರೆ ಸೇರಿಸಿದೆ. ಅದಕ್ಕೆ ಹದಿಮೂರು ವರ್ಷ ಬೇಕಾಯಿತು.

ಡಾಕ್ಟರಮ್ಮ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಎರಡು ಬೆಳಗಿಗೆಂದು ಬರುತ್ತಿದ್ದರು. ಉಳಿದ ದಿನಗಳಲ್ಲಿ ಬೇರೆಯವರು ಬರುತ್ತಿದ್ದರು, ಚೊಣಕ್ ಹಿಡಿಯುತ್ತಿದ್ದರು, ಬಿಡುತ್ತಿದ್ದರು. ಎಷ್ಟೋ ಮೀನುಗಳನ್ನು ನಾನೇ ನೀರಿನಲ್ಲಿ ಆಡಿಸಿ ಕಳಿಸಿದ್ದೇನೆ. ಡಾಕ್ಟರಮ್ಮನಿಗೆ ಮಾತ್ರ ಸಿಗುತ್ತಿರಲಿಲ್ಲ. ತಲೆ ತಿನ್ನದೆ ಚೆಲ್ಲಿದ್ದಕ್ಕೇ ಹೀಗೆ ಎಂದು ಮಾದೇವಿ. ನನಗೆ ಹಾಗೆಲ್ಲ ನಂಬಿಕೆಯಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದೆ, ಧಾರೇಶ್ವರನಿಗೆ ಒಂದು ಕಾಯಿ ಮಾತ್ರ ಹೇಳಿಕೊಂಡಿದ್ದೆ.

ಎರಡನೆಯ ವರ್ಷ ಹೋದದ್ದು ನನ್ನ ಜಂಬದಿಂದ. ಆಗಷ್ಟೇ ಹೆಗಡೆಯವರ ಫೋನಿನಲ್ಲಿ ಭರತ ಇಳಿತದ ಹೊತ್ತು ತೋರಿಸುವುದು ಬಂದಿತ್ತು. “ದೇವು, ಒಂಬತ್ತಕ್ಕೆ ನೀರು ಪೂರಾ ಇಳೀತದೆ, ಅದಕ್ಕೂ ಮೊದಲೇ ಹೊರಗೆ ಬಾ” ಎಂದರು. ಫೋನು ತೋರಿಸುವುದು ಹೊಳೆಯ ಬಾಯಿಯ ಲೆಕ್ಕ, ಒಳಗಿನ ಸಂದಿಯಲ್ಲಿ ಹೊತ್ತು ಬೇರೆ, ಏಡಿಯ ಬಿಲ ನೋಡಿದರೆ ನನಗೇ ಗೊತ್ತಾಗುತ್ತದೆ ಎಂದು ನಕ್ಕೆ. ಮಾತು ನಿಜವೇ. ಆದರೆ ಅವತ್ತು ಗಜನಿಯವರು ತೂಬಿಗೆ ಹಲಗೆ ಹಾಕಿ ಗದ್ದೆಯಿಂದ ಬರುವ ನೀರು ತಡೆದುಬಿಟ್ಟಿದ್ದರು. ಅದನ್ನು ಏಡಿ ಹೇಳಲಿಲ್ಲ, ಫೋನೂ ಹೇಳಲಿಲ್ಲ. ನೋಡನೋಡುತ್ತಿದ್ದಂತೆ ನೀರು ಬತ್ತಿ ದೋಣಿ ಕೆಸರಿನಲ್ಲಿ ಕೂತಿತು. ನಾಲ್ಕು ತಾಸು. ಬಳಚಿಗೆ ಬಂದ ಹೆಂಗಸರು ನಮ್ಮನ್ನು ನೋಡಿ ನಕ್ಕು ನಕ್ಕು ಸುಸ್ತಾದರು. ಕೊನೆಗೆ ಮಾದೇವಿ ಡಾಕ್ಟರಮ್ಮನ ಕೈ ಹಿಡಿದು ಇಳಿಸಿ, ಕಾಲಿನಿಂದಲೇ ಬಳಚು ಹುಡುಕುವುದು ಹೇಗೆಂದು ಕಲಿಸಿದಳು. ಅವತ್ತು ನಮ್ಮ ದೋಣಿಯ ಪಾಲಿಗೆ ಸಿಕ್ಕಿದ್ದು ಒಂದು ಟೋಪಿ ಬಳಚು. ಅಂದಿನಿಂದ ನಾನು ಏಡಿಯನ್ನೂ ಕೇಳುತ್ತೇನೆ, ಫೋನನ್ನೂ ಕೇಳುತ್ತೇನೆ, ಗಜನಿಯವರಿಗೆ ಹಿಂದಿನ ಸಂಜೆಯೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಇನ್ನೊಂದು ವರ್ಷ ಡಾಕ್ಟರಮ್ಮನ ಗರಿಗಾಳ ಬಂದು ನನ್ನ ಕಿವಿಗೆ ಕಚ್ಚಿಕೊಂಡಿತು. ಬೀಸುವವರ ಹಿಂದೆ ಬಲಬದಿಗೆ ನಿಲ್ಲಬಾರದು ಎಂದು ಅವರೇ ಹತ್ತು ಸಲ ಹೇಳಿದ್ದರು. ಡಾಕ್ಟರಮ್ಮ ತಿರುಗಿ ನೋಡಿ, “ದೊಡ್ಡದs ಬಿದ್ದದ” ಎಂದರು. ದಾರದ ಕುಣಿಕೆ ಹಾಕಿ ಒಂದು ಜಗ್ಗಿಗೆ ಗಾಳ ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ. ಔಷಧಿ ಹಚ್ಚಿ, ಬೆನ್ನು ತಟ್ಟಿ, “ಇದನ್ನ ಬಿಡ್ತೀನಿ, ಹೋಗ್ರಿ” ಎಂದರು.

ಭಟ್ಕಳದ ಇಕ್ಬಾಲ್ ಸಾಹೇಬರ ಪ್ರಸಂಗ ಹೇಳದಿದ್ದರೆ ಅವರಿಗೆ ಸಿಟ್ಟು ಬಂದೀತು. ದುಬೈಯಲ್ಲಿ ಕೆಲಸ, ರಜೆಗೆ ಊರಿಗೆ ಬಂದಾಗ ಒಂದು ಬೆಳಗು ನಮ್ಮಲ್ಲಿ. ಒಬ್ಬರು ಬರುತ್ತಿದ್ದರು, ಆರು ಜನರ ನಾಷ್ಟಾ ತರುತ್ತಿದ್ದರು. ಮೊದಲ ಸಲವೇ ಒಳ್ಳೆಯ ಚೊಣಕ್ ಹಿಡಿದರು. ಬಿಡುವ ಹೊತ್ತಿಗೆ ಮುಖ ಸಣ್ಣದಾಯಿತು. “ದೇವು ಭಾಯ್, ಅಮ್ಮನಿಗೆ ಮೀನು ತರ್ತೇನೆ ಅಂತ ಹೇಳಿ ಬಂದಿದೇನೆ. ಇದನ್ನು ಬಿಟ್ಟೆ ಅಂದ್ರೆ ಅವರು ನನ್ನನ್ನೇ ಹೊರಗೆ ಬಿಡ್ತಾರೆ” ಎಂದರು. ಬಿಟ್ಟರು ಪಾಪ. ಹೋಗುವ ದಾರಿಯಲ್ಲಿ ಭಟ್ಕಳ ಬಂದರಿನಲ್ಲಿ ಅಷ್ಟೇ ದೊಡ್ಡದೊಂದನ್ನು ಕೊಂಡು, ನಮ್ಮ ದೋಣಿಯಲ್ಲಿ ತೆಗೆದ ಫೋಟೋ ಅದರ ಜೊತೆಗಿಟ್ಟು ಅಮ್ಮನಿಗೆ ಒಪ್ಪಿಸಿದರಂತೆ. ಅಮ್ಮ ಕಿವಿರು ಎತ್ತಿ ನೋಡಿ, ಇದು ಮೂರು ದಿನ ಐಸಿನಲ್ಲಿದ್ದ ಮೀನು, ನೀನು ಎರಡು ದಿನದ ಕೆಳಗೆ ದುಬೈಯಲ್ಲಿದ್ದೆ ಎಂದರಂತೆ. ನಮ್ಮ ಕರಾವಳಿಯಲ್ಲಿ ಮೀನಿನ ವಿಷಯದಲ್ಲಿ ಸುಳ್ಳು ಹೇಳಿ ಯಾರೂ ಬಚಾವಾಗಿಲ್ಲ.

ಒಂದು ವರ್ಷ ನಮ್ಮ ಅಳಿವೆಯಲ್ಲಿ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ಡಾಕ್ಟರಮ್ಮನನ್ನು ಹೊನ್ನಾವರಕ್ಕೆ, ಶರಾವತಿಯ ಕಾಂಡ್ಲಾ ಕಡೆಗೆ ಕರೆದೊಯ್ದೆವು. ಅಲ್ಲಿ ಚೊಣಕ್ ಬಿದ್ದೇಬಿಟ್ಟಿತು. “ಎಳೀರಿ! ಎಳೀರಿ!” ಎಂದು ಕೂಗಿದೆ. ಬಲೆಯವನ ಬಾಯಿ, ಬೇರೇನು ಬಂದೀತು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ. ಎಳೆದರು, ದಾರ ಕಡಿಯಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಎಂಜಿನು ಹಾಕಿ ಜಾಗದ ಹತ್ತಿರವೇ ಹೋಗುತ್ತಿದ್ದೆವು. ಈಗ ದೂರದಲ್ಲೇ ನಿಲ್ಲಿಸಿ ಬಿದಿರ ಜಲ್ಲೆ ಊರುತ್ತ ಹೋಗುತ್ತೇವೆ. ಬಣ್ಣದ ಕನ್ನಡಕ ಬೇಡವೆಂದು ಐದು ವರ್ಷ ಹಟ ಹಿಡಿದೆ. ನೀರಿನೊಳಗೆ ನೋಡಲು ಕನ್ನಡಕ ಎಂತಕ್ಕೆ, ನಾನೇನು ಸಿನಿಮಾದವನಾ ಎಂದಿದ್ದೆ. ಹಾಕಿದ ದಿನ ನೀರಿನ ಹೊಳಪೆಲ್ಲ ಹೋಗಿ ತಳದ ಮರಳು, ಓಡಾಡುವ ಮೀನಿನ ನೆರಳು ಕಂಡಿತು. ಐದು ವರ್ಷ ಅರ್ಧ ಕುರುಡನಂತೆ ದುಡಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಹೆಗಡೆಯವರು ಮಾತ್ರ ಬದಲಾಗಲಿಲ್ಲ. ಈಗಲೂ ಮೀನಿನ ಫೋಟೋ ನೋಡುವಾಗ ಮೂಗು ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಆದರೆ ಇಷ್ಟು ವರ್ಷದಲ್ಲಿ ನನ್ನ ಒಂದು ತಪ್ಪನ್ನೂ ಅತಿಥಿಗಳ ಎದುರು ಎತ್ತಿ ಆಡಿದವರಲ್ಲ. ಮೇಲಿನವರಾಗಿ ಅಂಥವರು ಸಿಕ್ಕರೆ ನೀವು ಪುಣ್ಯವಂತರು.

ಈ ವರ್ಷ ಮಳೆಗಾಲಕ್ಕೆ ಮುಂಚೆ ಕೆಲಸ ಬಿಡುತ್ತೇನೆ ಎಂದು ಹೇಳಿಬಿಟ್ಟಿದ್ದೆ. ಮೊಣಕಾಲು ಕೇಳುತ್ತಿರಲಿಲ್ಲ, ಕನ್ನಡಕ ಹಾಕಿದರೂ ನೆರಳು ಕಾಣುವುದು ಕಡಿಮೆಯಾಗಿತ್ತು. ಸಂಕ್ರಾಂತಿ ಕಳೆದು ಡಾಕ್ಟರಮ್ಮ ಬಂದರು. ಬಲಭುಜವನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತ ಕಾರಿನಿಂದ ಇಳಿದರು.

“ಊರ ಮಂದಿ ಭುಜ ಎಲ್ಲಾ ಸರಿ ಮಾಡಿದೆ ದೇವಣ್ಣ, ನಂದs ಕೈ ಕೊಟ್ಟದ. ಇನ್ನ ರಾಡು ಬೀಸಬ್ಯಾಡ ಅಂದಾರ. ಇವೆರಡು ಮುಂಜಾನೆ ಅಷ್ಟ. ಮುಂದ ಇಲ್ಲ” ಎಂದರು.

ನನಗೂ ಮುಂದೆ ಇಲ್ಲ ಎಂದೆ. ಇಬ್ಬರೂ ನಕ್ಕೆವು. ನನ್ನ ನಗು ಮೇಲುಮೇಲಿನದು. ಹದಿಮೂರು ವರ್ಷದ ಹಿಂದೆ ಅವರ ಕೈಯಿಂದ ಕಿತ್ತುಕೊಂಡದ್ದನ್ನು ಕೊಡದೆಯೇ ಮನೆಗೆ ಹೋಗುತ್ತೇನಲ್ಲ ಎಂಬುದು ಒಳಗೆ ಕೊರೆಯುತ್ತಿತ್ತು.

ಮೊದಲ ಬೆಳಗು ಖಾಲಿ ಹೋಯಿತು. ಎರಡನೆಯ ಬೆಳಗು ಮಂಜು ಕವಿದಿತ್ತು. ಹಳೆಯ ತಿರುವಿಗೇ ಹೋದೆವು. ಭರತ ತುಂಬಿ ಆಗಷ್ಟೇ ಇಳಿತ ಹಿಡಿದಿತ್ತು, ತೂಬಿನಿಂದ ನೀರು ಗುಳುಗುಳು ಎಂದು ಬೀಳುತ್ತಿತ್ತು. ಅದೇ ಜಾಗದ ಪಕ್ಕದ ದಿಬ್ಬದಲ್ಲೇ ಬಳಚು ಹೆಕ್ಕುವುದು. ಹೊತ್ತೇರುವವರೆಗೆ ನೀರಿಗೆ ಇಳಿಯಬೇಡಿ ಎಂದು ಹಿಂದಿನ ದಿನ ಮಾದೇವಿಗೆ ಹೇಳಿದ್ದೆ. ಇಳಿಯಲಿಲ್ಲ. ಆದರೆ ಎಂಟು ಹತ್ತು ಹೆಂಗಸರು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಗಜನಿಯ ಒಡ್ಡಿನ ಮೇಲೆ ಸಾಲಾಗಿ ಬಂದು ಕೂತರು. ಜೀವಮಾನದಲ್ಲಿ ಮೊದಲ ಸಲ ಅವರೆಲ್ಲ ಒಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದರು.

ಬೀಸುವಾಗ ಡಾಕ್ಟರಮ್ಮನ ಮುಖ ನೋವಿಗೆ ಕಿವುಚಿಕೊಳ್ಳುತ್ತಿತ್ತು. ಒಂದು, ಎರಡು, ಮೂರು. ನಾಲ್ಕನೆಯದು ಗಿಡದ ಟೊಂಗೆಗೆ ಸಿಕ್ಕಿಕೊಂಡಿತು, ಹೋಗಿ ಬಿಡಿಸಿ ಬಂದೆ. ಐದನೆಯದು ತೂಬಿನ ಬಾಯಲ್ಲಿ, ನೊರೆಯ ಅಂಚಿಗೆ ಹೋಗಿ ಕೂತಿತು. ಢಬ್ ಎಂದು ಸದ್ದು. ರಾಡು ಬಿಲ್ಲಿನಂತೆ ಬಾಗಿತು.

ನಾನು ಈ ಸಲ ಎಳೀರಿ ಎನ್ನಲಿಲ್ಲ. ತುಟಿ ಕಚ್ಚಿಕೊಂಡು ಕೂತೆ. ಮೀನು ನೆಟ್ಟಗೆ ಕಾಂಡ್ಲಾ ಬೇರಿನೊಳಗೆ ನುಗ್ಗಿತು. ದಾರ ಒಂದು ಬೇರಿಗೆ ಸುತ್ತಿಕೊಂಡಿತು. ಬೇರಿನ ತುಂಬ ಚಿಪ್ಪು, ಇನ್ನೊಂದು ನಿಮಿಷಕ್ಕೆ ದಾರ ಕಡಿದುಹೋಗುತ್ತಿತ್ತು. ಮೊಣಕಾಲಿನ ವಿಚಾರ ಮರೆತು ನೀರಿಗೆ ಇಳಿದೆ. ಎದೆಮಟ್ಟದ ನೀರು, ಕೆಳಗೆ ಕೆಸರು. ತಡವುತ್ತ ಹೋಗಿ ದಾರ ಬಿಡಿಸಿದೆ. ಅಂಗೈ ಚಿಪ್ಪಿಗೆ ಸಿಕ್ಕಿ ಹರಿಯಿತು. ಮೀನು ಹೊರಗೆ ಬಂತು, ಮತ್ತೆ ಓಡಿತು, ಮತ್ತೆ ಬಂತು. ಡಾಕ್ಟರಮ್ಮ ರಾಡಿನ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿದರು. “ದೇವಣ್ಣ, ಸೋತೆ” ಎಂದರು. “ಅದೂ ಸೋತದೆ ಅಮ್ಮಾ, ಒಂಚೂರು” ಎಂದೆ.

ದೋಣಿಯ ಬಗಲಿಗೆ ಬಂದು ಮೀನು ಮಗ್ಗುಲಾಯಿತು. ಮೊದಲಿನದಕ್ಕಿಂತ ದೊಡ್ಡದು. ನಾನು ನೀರಿನಲ್ಲೇ ನಿಂತು ಎಡಗೈಯಲ್ಲಿ ಅದರ ದವಡೆ ಹಿಡಿದೆ.

ಇನ್ನು ಮುಂದಿನದನ್ನು ಹೊಸಬರು ಗಮನವಿಟ್ಟು ಓದಬೇಕು. ಹದಿಮೂರು ವರ್ಷ ಕಳೆದಿತ್ತು. ನೂರಾರು ಮೀನುಗಳನ್ನು ಬಿಟ್ಟ ಕೈ ಅದು. ಆದರೆ ಅವತ್ತು ನನಗೆ ಗಾಬರಿಯಾಗಿತ್ತು, ಮೈ ದಣಿದಿತ್ತು. ಬುದ್ಧಿ ಬೇಡವೆನ್ನುವ ಮೊದಲೇ ನನ್ನ ಬಲಗೈ ದೋಣಿಯ ಅಂಚು ದಾಟಿ ಅಡ್ಡಹಲಗೆಯ ಕೆಳಗೆ ಹೋಯಿತು. ಹೋಗಿ, ತಡವಿ, ಗಟ್ಟಿಯಾದ ಏನನ್ನೋ ಹಿಡಿದು, ಮೀನಿನ ತಲೆಯ ಮೇಲಕ್ಕೆ ಎತ್ತಿಯೇಬಿಟ್ಟಿತು.

ಅದು ಫ್ಲಾಸ್ಕು.

ಕೊಡತಿಯನ್ನು ಮಾದೇವಿ ಆ ಮೊದಲ ದಿನವೇ ದೋಣಿಯಿಂದ ತೆಗೆದು ಮನೆಗೆ ಒಯ್ದಿದ್ದಳು. ಆ ಜಾಗದಲ್ಲಿ ಡಾಕ್ಟರಮ್ಮ ಪ್ರತಿ ಸಲ ಚಹಾ ಇಡುತ್ತಿದ್ದರು. ನಾನು ಕೈ ಎತ್ತಿದವನು ಹಾಗೇ ನಿಂತೆ. ಡಾಕ್ಟರಮ್ಮ ನನ್ನ ಕೈ ನೋಡಿದರು, ಫ್ಲಾಸ್ಕು ನೋಡಿದರು.

“ದೇವಣ್ಣ,” ಎಂದರು, “ಚಹಾ ಆಮ್ಯಾಲ ಕುಡಿಯೋಣು.”

ಒಡ್ಡಿನ ಮೇಲೆ ಮಾದೇವಿ ಹಣೆ ಬಡಿದುಕೊಂಡದ್ದು ಕೇಳಿತು. ನಾನು ಫ್ಲಾಸ್ಕನ್ನು ದೋಣಿಯೊಳಗೆ ಇಟ್ಟೆ. ಡಾಕ್ಟರಮ್ಮ ಅಂಚಿಗೆ ಬಾಗಿ ಗಾಳ ಬಿಡಿಸಿದರು. ಎರಡೂ ಕೈ ನೀರಿಗಿಳಿಸಿ ಮೀನಿನ ಹೊಟ್ಟೆಯ ಕೆಳಗೆ ಹಿಡಿದರು. ಮೀನು ಅಲುಗಲಿಲ್ಲ. ಕೈ ಸಡಿಲಿಸಿದರೆ ಮಗುಚಿಕೊಳ್ಳುತ್ತಿತ್ತು. ನಾನು ಹಿಂದಕ್ಕೂ ಮುಂದಕ್ಕೂ ತಳ್ಳಿದೆ. ಏನೂ ಇಲ್ಲ. ಇದೂ ಸತ್ತಿತು ಎಂದುಕೊಂಡೆ.

“ಮೋರೆ ಆ ಬದಿಗೆ ಮಾಡಿದ್ರೆ ಉಸಿರು ಹ್ಯಾಂಗೆ ಬರ್ತದೆ!” ಮಾದೇವಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬರುತ್ತಿದ್ದಳು. “ನೀರು ಬರೂ ಬದಿಗೆ ತಿರುಗಿಸ್ರಿ. ತೂಬಿನ ನೀರು ಕಿವಿರೊಳಗೆ ಹೋಗ್ಲಿ.”

ಹೊಸ ಅತಿಥಿಗಳಿಗೆಲ್ಲ ನಾನೇ ಹೇಳಿಕೊಡುವ ಪಾಠ ಅದು. ಮೀನನ್ನು ತಿರುಗಿಸಿದೆವು. ನನ್ನ ಕೈ, ಡಾಕ್ಟರಮ್ಮನ ಕೈ, ಪಕ್ಕದಲ್ಲಿ ಮಾದೇವಿಯ ಕೈ. ಎಷ್ಟು ಹೊತ್ತೋ ತಿಳಿಯಲಿಲ್ಲ. ಕಿವಿರು ಒಮ್ಮೆ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಆಮೇಲೆ ಬಾಲ ಒಂದು ಏಟು ಹೊಡೆಯಿತು ನೋಡಿ, ಮೂವರ ಮುಖಕ್ಕೂ ನೀರು. ಕಣ್ಣು ಒರೆಸಿಕೊಂಡು ನೋಡುವಾಗ ಕೈಯಲ್ಲಿ ಮೀನಿರಲಿಲ್ಲ. ಬೇರಿನ ಕಡೆಗೆ ಒಂದು ಬಿಳಿ ಗೆರೆ ಹೋಗಿ ಮಾಯವಾಯಿತು.

ಡಾಕ್ಟರಮ್ಮ ಖಾಲಿ ಕೈಗಳನ್ನು ನೀರಿನಲ್ಲೇ ಇಟ್ಟುಕೊಂಡು ಸುಮಾರು ಹೊತ್ತು ಕೂತಿದ್ದರು. ಮೊದಲ ದಿನದ ಹಾಗೆಯೇ ಕೂತಿದ್ದರು, ಮುಖ ಮಾತ್ರ ಬೇರೆ. ನಾನು ಅತ್ತೆ. ಮುಖ ಹೇಗೂ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ ಎಂದುಕೊಂಡಿದ್ದೇನೆ.

ದೋಣಿ ದಡಕ್ಕೆ ತಂದಾಗ ಹೆಂಗಸರೆಲ್ಲ ಸುತ್ತುವರಿದರು. “ಮೀನು ನಮ್ಮ ಕಣ್ಣೆದುರಿಗೇ ಬಂದದ್ದು. ನಮ್ಮ ಪಾಲು?” ಎಂದಳು ಒಬ್ಬಳು. ಎಲ್ಲರೂ ಹೋ ಎಂದು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಕ್ರಮ ಎಂದರೆ ಕ್ರಮ ಎಂದು ಫ್ಲಾಸ್ಕು ತೆಗೆದು, ಅದರ ಮುಚ್ಚಳಕ್ಕೆ ಒಂದೊಂದು ಗುಟುಕು ಚಹಾ ಬಗ್ಗಿಸಿ ಒಬ್ಬೊಬ್ಬರಿಗೇ ಕೊಟ್ಟರು. ಎಲ್ಲರೂ ಎತ್ತಿ ಕುಡಿದರು. ಕೊನೆಗೆ ಮಾದೇವಿ ಕುಡಿದು ಬಾಯಿ ಒರೆಸಿಕೊಂಡು, “ಮೀನು ಚಲೋ ಇತ್ತು. ಒಂದು ಸಕ್ರೆ ಬೇಕಾಗಿತ್ತು” ಎಂದಳು.

ನಾನು ಈಗ ಮನೆಯಲ್ಲಿದ್ದೇನೆ. ಆ ಕೊಡತಿಯಲ್ಲಿ ಮಾದೇವಿ ಒಣಮೆಣಸು ಜಜ್ಜುತ್ತಾಳೆ. ಹೊಸಬರಿಗೆ ಹೇಳುವುದು ಇಷ್ಟೇ: ನಿಮ್ಮ ಕೈಗೆ ಹೊಸ ಬುದ್ಧಿ ಬಂದಿದೆ ಎಂದು ನಂಬಬೇಡಿ. ಕೊಡತಿಯನ್ನು ಮನೆಯಲ್ಲಿ ಇಟ್ಟು ದೋಣಿ ಹತ್ತಿ. ಆ ಜಾಗದಲ್ಲಿ ಚಹಾ ಇಡಿ.

ಅವತ್ತು ಹೋಮ್‌ಸ್ಟೇಗೆ ಬಂದೊಡನೆ ಹೆಗಡೆಯವರು ತಮ್ಮ ಅಮ್ಮನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅವರಿಗೆ ಈಗ ಕಿವಿ ಮಂದ. ಮೀನು ಸಿಕ್ಕಿತು, ಡಾಕ್ಟರಮ್ಮ ಕೈಯಾರೆ ಬಿಟ್ಟರು, ಈಜಿಕೊಂಡು ಹೋಯಿತು ಎಂದು ಮೂರು ಸಲ ಕೂಗಿ ಹೇಳಿದೆ.

“ಹೌದನಾ ದೇವು?” ಎಂದರು ಅಮ್ಮ. “ಹಂಗಾರೆ ತಲೆ ಈ ಸಲ ಯಾರಿಗೆ ಕೊಟ್ಟೆ?”

“ಮೀನಿಗೇ ಕೊಟ್ಟೆ, ಅಮ್ಮಾ” ಎಂದೆ.